ಮಾದರಿ ವಿಮಾನದ ಫ್ಲ್ಯಾಪು ಮತ್ತು ನಮ್ಮ ಒಂಬತ್ತನೇ ತರಗತಿಯ ಗಣಿತ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯಾಗಿ ಮಾಡಿದ ಭಾಷಣದ ಬರಹರೂಪ)



ಹಳೆಯ ನೆನಪುಗಳನ್ನು ಹೇಳಲು ಸಂಜೆಯ ಕಾರ್ಯಕ್ರಮವಿದೆ. ನನಗೆ ಕೊಟ್ಟಿರುವುದು ವಿಜ್ಞಾನ ಗೋಷ್ಠಿಯ ಅರ್ಧ ಗಂಟೆ. ಆದ್ದರಿಂದ ನೇರವಾಗಿ ಈ ಮೇಜಿನ ಮೇಲಿರುವ ವಿಮಾನಕ್ಕೆ ಬರುತ್ತೇನೆ. ಇದನ್ನು ಮಾಡಿದವರು ಈ ವರ್ಷದ ಹತ್ತನೇ ತರಗತಿಯ ಮಕ್ಕಳು. ಮೂರು ತಿಂಗಳು ಶಾಲೆ ಬಿಟ್ಟ ಮೇಲೆ ಕೂತು ಫೋಮ್ ಹಾಳೆ ಕತ್ತರಿಸಿ, ಅಂಟು ಹಾಕಿ ಮಾಡಿದ್ದಾರೆ. ರೆಕ್ಕೆಯ ಉದ್ದ ಒಂದು ತುದಿಯಿಂದ ಇನ್ನೊಂದು ತುದಿಗೆ 1.4 ಮೀಟರ್, ಅಗಲ 22 ಸೆಂಟಿಮೀಟರ್, ಬ್ಯಾಟರಿ ಸೇರಿ ಒಟ್ಟು ತೂಕ 1.2 ಕಿಲೋಗ್ರಾಂ. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳ ಕೆಲಸ ಮಾಡಿಕೊಂಡು ಇಷ್ಟು ವರ್ಷ ಕಳೆದವನು ನಾನು. ಭಾನುವಾರಗಳಲ್ಲಿ ಊರಿಗೆ ಬಂದು ಇವರ ಜೊತೆ ಕುಳಿತಿದ್ದೇನೆ, ಅಷ್ಟೇ ನನ್ನ ಪಾಲು.

ಮಹೋತ್ಸವದ ಸಿದ್ಧತೆಯ ಸಭೆಯಲ್ಲಿ ಹಿರಿಯರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಇಷ್ಟು ಕಷ್ಟ ಯಾಕೆ? ಅಂಗಡಿಯಲ್ಲಿ ಸಿದ್ಧ ಡ್ರೋನ್ ಸಿಗುತ್ತದೆ. ಗುಂಡಿ ಒತ್ತಿದರೆ ಏರುತ್ತದೆ, ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಅದನ್ನೇ ತಂದು ಹಾರಿಸಿದರಾಯಿತಲ್ಲ?" ಎಂದು. ಅವರು ಹೇಳಿದ್ದು ನಿಜ. ಆ ಡ್ರೋನಿನೊಳಗೆ ಯಾರೋ ಕೂತು ನೂರಾರು ಅಂಕಿಗಳನ್ನು ಮೊದಲೇ ಬರೆದಿಟ್ಟಿದ್ದಾರೆ, ಅದಕ್ಕೇ ಅದು ಸಾಧುವಾಗಿ ಹಾರುತ್ತದೆ. ನಮ್ಮ ಮಕ್ಕಳು ಆ ಅಂಕಿಗಳನ್ನು ಬರೆಯುವ ಕಡೆ ಇರಬೇಕೋ, ಗುಂಡಿ ಒತ್ತುವ ಕಡೆ ಇರಬೇಕೋ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಒಂದೇ ಒಂದು ಭಾಗವನ್ನು, ಅಂದರೆ ಫ್ಲ್ಯಾಪನ್ನು, ಆರಿಸಿಕೊಂಡು ಇವತ್ತು ವಿವರಿಸುತ್ತೇನೆ.

ಮೊದಲು ಫ್ಲ್ಯಾಪ್ ಎಂದರೇನು ನೋಡೋಣ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಂತೆ ವಿಮಾನದಲ್ಲಿ ರೆಕ್ಕೆಯ ಪಕ್ಕ ಕೂತವರು ಇದನ್ನು ನೋಡಿರುತ್ತೀರಿ. ಇಳಿಯುವ ಸಮಯ ಬಂದಾಗ ರೆಕ್ಕೆಯ ಹಿಂಭಾಗದ ಪಟ್ಟಿ ಗುಂಯ್ ಎಂದು ಸದ್ದು ಮಾಡುತ್ತ ಕೆಳಗೆ ಬಾಗುತ್ತದೆ. ಅದೇ ಫ್ಲ್ಯಾಪ್. ರೆಕ್ಕೆಯ ಬಾಗು ಹೆಚ್ಚಾದರೆ ಅದು ಗಾಳಿಯನ್ನು ಹೆಚ್ಚು ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಅದೇ ವೇಗದಲ್ಲಿ ಮೇಲೆತ್ತುವ ಬಲ ಹೆಚ್ಚುತ್ತದೆ, ಅಥವಾ ಅದೇ ತೂಕವನ್ನು ಕಡಿಮೆ ವೇಗದಲ್ಲಿ ಹೊರಬಹುದು. ಜೊತೆಗೆ ಗಾಳಿಯ ತಡೆಯೂ ಹೆಚ್ಚುತ್ತದೆ. ಇಳಿಯುವಾಗ ನಮಗೆ ಈ ಎರಡೂ ಬೇಕು.

ಎಷ್ಟು ಬೇಕು ಎಂಬುದಕ್ಕೆ ನಮ್ಮ ಗೋಮಾಳದ ಲೆಕ್ಕವನ್ನೇ ಹಾಕೋಣ. ನಾವು ಹಾರಿಸುವ ಬಯಲು ಸುಮಾರು 150 ಮೀಟರ್ ಉದ್ದ. ಒಂದು ತುದಿಗೆ ಹುಣಸೆಮರಗಳು, ಎತ್ತರ 12 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿ ಸಾಮಾನ್ಯವಾಗಿ ಆಚೆ ತುದಿಯಿಂದ ಬೀಸುವುದರಿಂದ, ವಿಮಾನ ಆ ಮರಗಳ ಮೇಲೆ ಬಂದು ಗಾಳಿಗೆ ಎದುರಾಗಿ ಇಳಿಯಬೇಕು. ಫ್ಲ್ಯಾಪ್ ಇಲ್ಲದೆ ವಿಮಾನ 8 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಇಳಿಯುತ್ತದೆ ಎನ್ನಿ. ಸಮರೂಪ ತ್ರಿಭುಜದ ಪಾಠ ನೆನಪಿಸಿಕೊಳ್ಳಿ. 12 ಮೀಟರ್ ಇಳಿಯಲು 96 ಮೀಟರ್ ಬೇಕು. ಉಳಿದದ್ದು 54 ಮೀಟರ್. ಫ್ಲ್ಯಾಪ್ ಇಳಿಸಿದಾಗ ಅದು 5ಕ್ಕೆ 1 ಆಯಿತು ಎಂದರೆ 60 ಮೀಟರಿನಲ್ಲೇ ನೆಲ ಸಿಗುತ್ತದೆ, ಮುಂದೆ 90 ಮೀಟರ್ ಉಳಿಯುತ್ತದೆ. ಮೊದಲ ಸಲ ಇಳಿಸುವ ಮಗುವಿಗೆ ಈ 36 ಮೀಟರ್ ಎಂದರೆ ಎಷ್ಟು ದೊಡ್ಡ ನೆಮ್ಮದಿ ಎಂಬುದು ಹಾರಿಸಿದವರಿಗೆ ಗೊತ್ತು.

ವೇಗದ ಲೆಕ್ಕವೂ ಇದೆ. ಈ ವಿಮಾನ ಫ್ಲ್ಯಾಪ್ ಇಲ್ಲದೆ ಗಂಟೆಗೆ ಸುಮಾರು 27 ಕಿಲೋಮೀಟರಿಗಿಂತ ನಿಧಾನವಾದರೆ ರೆಕ್ಕೆ ತೂಕ ಹೊರಲಾರದು. ಫ್ಲ್ಯಾಪಿನಿಂದ ರೆಕ್ಕೆಯ ಶಕ್ತಿ ಮೂರನೇ ಒಂದು ಭಾಗದಷ್ಟು ಹೆಚ್ಚಿದರೆ ಆ ಮಿತಿ ಸುಮಾರು 23ಕ್ಕೆ ಇಳಿಯುತ್ತದೆ. "ನಾಲ್ಕೇ ಕಿಲೋಮೀಟರ್ ತಾನೇ?" ಎನ್ನಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೀರಿ. ಹಾಗೆ ನೋಡಿದರೆ ನೆಲಕ್ಕೆ ತಾಗುವಾಗಿನ ಶಕ್ತಿ ಕಾಲುಭಾಗ ಕಡಿಮೆಯಾಯಿತು. ಕಲ್ಲಿಗೆ ತಗುಲಿ ಚಕ್ರದ ತಂತಿ ಬಾಗುವುದಕ್ಕೂ ರೆಕ್ಕೆ ಮುರಿಯುವುದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಅಷ್ಟೇ.

ಇನ್ನು ಟ್ರಾನ್ಸ್‌ಮಿಟರ್. ತಂತಿಯಿಲ್ಲದೆ ದೂರದ ಯಂತ್ರ ನಡೆಸುವುದು ಹೊಸದೇನಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊ ಅಲೆಗಳಿಂದ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದ್ದರು. ಇವತ್ತಿನ ಟ್ರಾನ್ಸ್‌ಮಿಟರ್ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಮಾತಾಡುತ್ತದೆ, ಅದರೊಳಗೆ ಒಂದು ಸಣ್ಣ ಕಂಪ್ಯೂಟರ್ ಇದೆ. ನಮ್ಮ ಬೆರಳು ಕಡ್ಡಿಯನ್ನು ಅಲ್ಲಾಡಿಸಿದಾಗ ಅದು ನೇರವಾಗಿ ವಿಮಾನಕ್ಕೆ ಹೋಗುವುದಿಲ್ಲ. ಮೊದಲು ಅಂಕಿಯಾಗುತ್ತದೆ, ನಾವು ಬರೆದಿಟ್ಟ ಸೂತ್ರಗಳ ಮೂಲಕ ಹಾದು ಇನ್ನೊಂದು ಅಂಕಿಯಾಗುತ್ತದೆ, ಆಮೇಲೆ ಹೊರಡುತ್ತದೆ. ವಿಮಾನದೊಳಗಿನ ರಿಸೀವರ್ ಆ ಅಂಕಿಯನ್ನು ವಿದ್ಯುತ್ ತುಡಿತವಾಗಿ ಸರ್ವೋ ಮೋಟರಿಗೆ ಕೊಡುತ್ತದೆ. ಸಾಮಾನ್ಯ ಸರ್ವೋಗೆ ಸೆಕೆಂಡಿಗೆ 50 ತುಡಿತ. ತುಡಿತದ ಉದ್ದ 1500 ಮೈಕ್ರೋಸೆಕೆಂಡ್ ಇದ್ದರೆ ಸರ್ವೋ ನಡುವಿನಲ್ಲಿ ನಿಲ್ಲುತ್ತದೆ, 1000 ಎಂದರೆ ಒಂದು ತುದಿ, 2000 ಎಂದರೆ ಇನ್ನೊಂದು ತುದಿ. ಸರ್ವೋಗೆ ಗೊತ್ತಿರುವುದು ಇಷ್ಟೇ. ತಾನು ಫ್ಲ್ಯಾಪನ್ನು ಎಳೆಯುತ್ತಿದ್ದೇನೆಯೇ ಗೇಟನ್ನು ತೆರೆಯುತ್ತಿದ್ದೇನೆಯೇ ಎಂಬುದು ಅದಕ್ಕೆ ತಿಳಿಯದು.

ನಮ್ಮ ಟ್ರಾನ್ಸ್‌ಮಿಟರಿನಲ್ಲಿರುವುದು ಎಡ್ಜ್‌ಟಿಎಕ್ಸ್ ಎಂಬ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಒಳಗನ್ನು ತೆರೆದು ಓದಬಹುದು. ಅದರಲ್ಲಿ ಮೂರು ಮೆಟ್ಟಿಲು. ಇನ್‌ಪುಟ್ಸ್ ಎಂದರೆ ಬೆರಳು ಹೇಳಿದ್ದು. ಮಿಕ್ಸಸ್ ಎಂದರೆ ಅದರ ಮೇಲೆ ನಾವು ಮಾಡುವ ಗಣಿತ. ಔಟ್‌ಪುಟ್ಸ್ ಎಂದರೆ ಒಂದೊಂದು ಸರ್ವೋಗೂ ತಕ್ಕ ಹೊಂದಾಣಿಕೆ. ಬೇರೆ ಕಂಪನಿಯ ಪೆಟ್ಟಿಗೆಗಳಲ್ಲಿ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚುಕಡಿಮೆ ಇದೇ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ದಯವಿಟ್ಟು ಯಾರೂ ಮರೆಯಬೇಡಿ. ಪ್ರೋಗ್ರಾಂ ಮಾಡಲು ಕುಳಿತುಕೊಳ್ಳುವ ಮುನ್ನ ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕೆ ಇಡಬೇಕು. ಒಂದು ತಪ್ಪು ಗುರುತಿನಿಂದ ಮೋಟರ್ ಪೂರ್ತಿ ವೇಗದಲ್ಲಿ ತಿರುಗಬಹುದು. ಬೆರಳುಗಳು ಅಂಗಡಿಯಲ್ಲಿ ಸಿಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಎರಡು ರೆಕ್ಕೆಗೆ ಎರಡು ಫ್ಲ್ಯಾಪ್, ಎರಡು ಸರ್ವೋ. ಎರಡೂ ಸರ್ವೋ ಒಂದೇ ಜಾತಿಯವು, ಆದರೆ ಕನ್ನಡಿಯ ಪ್ರತಿಬಿಂಬದಂತೆ ಎದುರುಬದುರು ಕೂತಿವೆ. ಎರಡಕ್ಕೂ ಒಂದೇ ತಂತಿಯಿಂದ ಒಂದೇ ಅಂಕಿ ಕೊಟ್ಟರೆ ಒಂದು ಫ್ಲ್ಯಾಪ್ ಕೆಳಗೆ, ಇನ್ನೊಂದು ಮೇಲೆ ಹೋಗುತ್ತದೆ. ವಿಮಾನ ಪಲ್ಟಿ ಹೊಡೆಯುತ್ತದೆ. ಅದಕ್ಕೇ ಎಡ ಫ್ಲ್ಯಾಪಿಗೆ 5ನೇ ಚಾನೆಲ್, ಬಲಕ್ಕೆ 6ನೇ ಚಾನೆಲ್ ಎಂದು ಬೇರೆ ಮಾಡಿ, ಔಟ್‌ಪುಟ್ಸ್ ಪುಟದಲ್ಲಿ ಒಂದನ್ನು ತಿರುವುಮುರುವು ಮಾಡಿದ್ದೇವೆ. ಫ್ಲ್ಯಾಪ್ ರೆಕ್ಕೆಗೆ ಸಮನಾಗಿರುವ ಸ್ಥಾನದಿಂದ ಕೆಳಕ್ಕೆ ಮಾತ್ರ ಹೋಗುವುದರಿಂದ, ಸರ್ವೋದ ನಡು ಸ್ಥಾನದಲ್ಲಿ ಫ್ಲ್ಯಾಪ್ ಅರ್ಧ ಇಳಿದಿರುವಂತೆ ಕಡ್ಡಿಯನ್ನು ಜೋಡಿಸಿದ್ದೇವೆ. ಆಗ ಸರ್ವೋದ ಪೂರ್ತಿ ಓಟ ನಮಗೆ ಸಿಗುತ್ತದೆ.

ಆಮೇಲೆ ಅಳತೆ. ಫ್ಲ್ಯಾಪಿನ ಅಗಲ 5 ಸೆಂಟಿಮೀಟರ್. ಪೂರ್ತಿ ಇಳಿದಾಗ 30 ಡಿಗ್ರಿ ಬೇಕು ಎಂದರೆ ಅದರ ಅಂಚು ಎಷ್ಟು ಕೆಳಗೆ ಬರಬೇಕು? ಸೈನ್ 30 ಅರ್ಧ. ಹಾಗಾಗಿ 25 ಮಿಲಿಮೀಟರ್. ಅರ್ಧ ಫ್ಲ್ಯಾಪಿಗೆ 15 ಡಿಗ್ರಿ, ಅಂದರೆ ಸುಮಾರು 13 ಮಿಲಿಮೀಟರ್. "ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ಕೇಳುತ್ತಿದ್ದ ಹುಡುಗನೇ ಅವತ್ತು ಅಳತೆಪಟ್ಟಿ ಹಿಡಿದು ಕೂತಿದ್ದ. ಮೂರೂ ಸ್ಥಾನಗಳಲ್ಲಿ ಎಡವೂ ಬಲವೂ ಒಂದು ಮಿಲಿಮೀಟರಿನೊಳಗೆ ಹೊಂದುವವರೆಗೆ ಅವನು ಬಿಡಲಿಲ್ಲ. ಕಣ್ಣಳತೆಗೆ ಬಿಟ್ಟಿದ್ದರೆ ಇಳಿಯುವ ಹೊತ್ತಿನಲ್ಲಿ ವಿಮಾನ ಒಂದು ಕಡೆಗೆ ವಾಲುತ್ತಿತ್ತು.

ಕೊನೆಯದಾಗಿ ನಿಧಾನ. ಸ್ವಿಚ್ ತಟ್ಟಿದ ಕೂಡಲೇ ಫ್ಲ್ಯಾಪ್ ಟಪ್ ಎಂದು ಬಿದ್ದರೆ ವಿಮಾನ ಬೆಚ್ಚಿಬೀಳುತ್ತದೆ. ಮಿಕ್ಸಿನಲ್ಲಿ ಸ್ಲೋ ಎಂಬ ಜಾಗವಿದೆ. ಅಲ್ಲಿ 2 ಸೆಕೆಂಡ್ ಎಂದು ಬರೆದರೆ ಫ್ಲ್ಯಾಪ್ ದೊಡ್ಡ ವಿಮಾನದ ಹಾಗೆ ಸಾವಕಾಶವಾಗಿ ಇಳಿಯುತ್ತದೆ.

ಇಷ್ಟಾದ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೇ ಇವತ್ತಿನ ನನ್ನ ಭಾಷಣದ ತಿರುಳು. "ಫ್ಲ್ಯಾಪ್ ಇಳಿಸಿದ ತಕ್ಷಣ ವಿಮಾನ ಇಳಿಯೋ ಬದಲು ಏರಿದರೆ ಏನು ಮಾಡೋದು ಸಾರ್?"

ಹೌದು, ಬಹಳ ಮಾದರಿ ವಿಮಾನಗಳು ಹಾಗೆಯೇ ಮಾಡುತ್ತವೆ. ವೇಗ ಇದ್ದಷ್ಟೇ ಇದೆ, ಎತ್ತುವ ಬಲ ಹೆಚ್ಚಾಯಿತು, ಆದ್ದರಿಂದ ಮೇಲೇರುತ್ತದೆ. ಅದರ ಜೊತೆಗೆ ರೆಕ್ಕೆಯ ಹಿಂದೆ ಕೆಳಮುಖವಾಗಿ ಹರಿಯುವ ಗಾಳಿ ಬಾಲವನ್ನು ಕೆಳಗೆ ಒತ್ತುತ್ತದೆ, ಮೂತಿ ಮೇಲಾಗುತ್ತದೆ. ಇನ್ನೊಂದು ಕಡೆ, ಫ್ಲ್ಯಾಪ್ ಇಳಿದ ರೆಕ್ಕೆ ತಾನಾಗಿ ಮೂತಿಯನ್ನು ಕೆಳಗೆ ಬಾಗಿಸಲು ನೋಡುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ರೆಕ್ಕೆ ಮೇಲಿದೆಯೇ ಕೆಳಗಿದೆಯೇ, ಬಾಲ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಮೂತಿ ಏರಿದರೆ ವೇಗ ಇಳಿಯುತ್ತದೆ, ವೇಗ ಮಿತಿಗಿಂತ ಇಳಿದರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ಹಾರಿಸುವವಳು ಎಲಿವೇಟರ್ ಕಡ್ಡಿಯನ್ನು ತಕ್ಕಷ್ಟು ಮುಂದೆ ಒತ್ತಿ ಹಿಡಿದು ಸರಿಪಡಿಸಬಹುದು. ಆದರೆ ಹೊಸಬರಿಗೆ ಇಳಿಯುವ ಹೊತ್ತಿನಲ್ಲಿ ಹುಣಸೆಮರ ನೋಡಬೇಕು, ಗಾಳಿ ನೋಡಬೇಕು, ರೆಕ್ಕೆ ಮಟ್ಟ ನೋಡಬೇಕು, ಥ್ರಾಟಲ್ ನೋಡಬೇಕು. ಇರುವುದು ಎರಡೇ ಕೈ. ಈ ಒಂದು ಕೆಲಸವನ್ನು ಮೊದಲೇ ಟ್ರಾನ್ಸ್‌ಮಿಟರಿಗೆ ಒಪ್ಪಿಸಬಹುದು. ಫ್ಲ್ಯಾಪ್ ಇಳಿದಷ್ಟೂ ಎಲಿವೇಟರ್ ಅದಕ್ಕೆ ತಕ್ಕಂತೆ ಸ್ವಲ್ಪ ಕೆಳಗೆ ಬರಲಿ ಎಂದು ಹೇಳಿಡುವುದೇ ಮಿಕ್ಸ್.

ಇಲ್ಲಿಗೇ ಒಂಬತ್ತನೇ ತರಗತಿಯ ಗಣಿತ ಬರುವುದು. ಮೂರು ಸ್ಥಾನದ ಸ್ವಿಚ್ಚನ್ನು ಯಂತ್ರ −100, 0, +100 ಎಂದು ಓದುತ್ತದೆ. ನಮಗೆ ಸೊನ್ನೆ ಎಂದರೆ "ಏನೂ ಇಲ್ಲ". ಯಂತ್ರಕ್ಕೆ ಇಲ್ಲಿ ಸೊನ್ನೆ ಎಂದರೆ ಅರ್ಧ ಫ್ಲ್ಯಾಪ್. ಫ್ಲ್ಯಾಪ್ ಪೂರ್ತಿ ಮೇಲಿದ್ದಾಗ ಅದರ ಲೆಕ್ಕ −100. ಫ್ಲ್ಯಾಪ್ ಮೇಲಿರುವಾಗ ಎಲಿವೇಟರಿಗೆ ಏನೂ ಸೇರಬಾರದು, ಪೂರ್ತಿ ಇಳಿದಾಗ ಶೇಕಡ 6ರಷ್ಟು ಕೆಳಗೆ ಬರಬೇಕು ಎಂದುಕೊಳ್ಳಿ. y = mx + c ಬರೆಯಿರಿ. x ಬೆಲೆ −100 ಆದಾಗ y ಸೊನ್ನೆ, x ಬೆಲೆ 100 ಆದಾಗ y ಬೆಲೆ −6. ಎರಡು ಸಮೀಕರಣ, ಎರಡು ಅಜ್ಞಾತ. ಬಿಡಿಸಿದರೆ m ಎಂದರೆ −0.03, c ಎಂದರೆ −3. ಪರದೆಯ ಮೇಲೆ ವೇಟ್ ಎಂಬಲ್ಲಿ −3, ಆಫ್‌ಸೆಟ್ ಎಂಬಲ್ಲಿ −3 ಬರೆಯುವುದು, ಅಷ್ಟೇ. ಆ c ಮರೆತು ಬರೀ m ಬರೆದವರ ವಿಮಾನದಲ್ಲಿ ಫ್ಲ್ಯಾಪ್ ಮುಟ್ಟುವ ಮೊದಲೇ ಎಲಿವೇಟರ್ ಸ್ವಲ್ಪ ಮೇಲೆ ಎದ್ದು ಕೂತಿರುತ್ತದೆ. ಮಿಕ್ಸಿಗೆ ಮೂಲವಾಗಿ ಸ್ವಿಚ್ಚಿನ ಬದಲು 5ನೇ ಚಾನೆಲ್ಲನ್ನೇ ಕೊಟ್ಟರೆ ಇನ್ನೊಂದು ಅನುಕೂಲವಿದೆ. ಫ್ಲ್ಯಾಪ್ ಎಷ್ಟು ನಿಧಾನವಾಗಿ ಇಳಿಯುತ್ತದೋ ಎಲಿವೇಟರೂ ಅಷ್ಟೇ ನಿಧಾನವಾಗಿ ಜೊತೆಗೆ ಬರುತ್ತದೆ.

ಆದರೆ ಈ 6 ಎಲ್ಲಿಂದ ಬಂತು? ಅದನ್ನು ಪುಸ್ತಕ ಹೇಳುವುದಿಲ್ಲ, ನಾನೂ ಹೇಳಲಾರೆ. ಗಾಳಿಯನ್ನೇ ಕೇಳಬೇಕು. ಹೇಗೆ ಕೇಳಿದೆವು ಎಂಬುದನ್ನು ಹೇಳುತ್ತೇನೆ. ಟ್ರೈನರ್ ವ್ಯವಸ್ಥೆಯಲ್ಲಿ ಎರಡು ಟ್ರಾನ್ಸ್‌ಮಿಟರ್ ಜೋಡಿಸಿದ್ದೆವು. ಒಂದು ಆ ಹುಡುಗಿಯ ಕೈಯಲ್ಲಿ, ಬೇಕಾದಾಗ ಹಿಡಿತ ತೆಗೆದುಕೊಳ್ಳುವ ಸ್ವಿಚ್ ನನ್ನ ಕೈಯಲ್ಲಿ. ಇನ್ನೊಬ್ಬ ಹುಡುಗ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ. ಎತ್ತರ ಸುಮಾರು 40 ಮೀಟರ್, ಗಾಳಿಗೆ ಎದುರಾಗಿ, ಥ್ರಾಟಲ್ ಅರ್ಧಕ್ಕಿಂತ ಕಡಿಮೆ. ಏನಾದರೂ ಹೆಚ್ಚುಕಡಿಮೆ ಆದರೆ ಫ್ಲ್ಯಾಪ್ ಮೇಲೆ ಮಾಡುವುದು ಎಂದು ಮೊದಲೇ ಮಾತಾಗಿತ್ತು.

ಮೊದಲ ಹಾರಾಟದಲ್ಲಿ ಮಿಕ್ಸ್ ಹಾಕಿರಲಿಲ್ಲ. ಅರ್ಧ ಫ್ಲ್ಯಾಪ್ ಇಳಿಸಿದಳು. ವಿಮಾನ ಗಾಳಿಪಟದ ಹಾಗೆ ಮೇಲೆದ್ದಿತು, ವೇಗ ಸತ್ತಿತು. ಅವಳು ಗಾಬರಿಯಾಗದೆ ಕಡ್ಡಿ ಮುಂದೆ ಒತ್ತಿ ಫ್ಲ್ಯಾಪ್ ಮೇಲೆ ಮಾಡಿದಳು. ನನ್ನ ಸ್ವಿಚ್ ಬೇಕಾಗಲಿಲ್ಲ. ಎರಡನೇ ಹಾರಾಟಕ್ಕೆ ಈಗ ಹೇಳಿದ ಸರಳರೇಖೆ ಹಾಕಿದೆವು. ಪೂರ್ತಿ ಫ್ಲ್ಯಾಪಿನಲ್ಲಿ ವಿಮಾನ ಮಟ್ಟವಾಗಿ ಬಂತು. ಅರ್ಧದಲ್ಲಿ ಮಾತ್ರ ಇನ್ನೂ ಏರುತ್ತಿತ್ತು. ಮಕ್ಕಳು ಕೂತು ಚರ್ಚೆ ಮಾಡಿದರು. ಅರ್ಧ ಫ್ಲ್ಯಾಪಿಗೆ ಅರ್ಧ ಪರಿಹಾರ ಸಾಲದು ಎಂದರೆ ಅರ್ಥವೇನು? ಫ್ಲ್ಯಾಪಿನ ಮೊದಲ ಅರ್ಧ ಹೆಚ್ಚಾಗಿ ಎತ್ತುವ ಬಲವನ್ನು ಕೊಡುತ್ತದೆ, ಉಳಿದರ್ಧ ಹೆಚ್ಚಾಗಿ ತಡೆಯನ್ನು ಕೊಡುತ್ತದೆ. ಆದ್ದರಿಂದ ಇಲ್ಲಿ ಸರಳರೇಖೆ ಸಾಲದು. ಮೂರನೇ ಹಾರಾಟಕ್ಕೆ ರೇಖೆಯನ್ನು ತೆಗೆದು ಮೂರು ಬಿಂದುಗಳ ಕರ್ವ್ ಹಾಕಿದರು. 0, −5, −6. ಅವತ್ತು ಸಂಜೆ ಫ್ಲ್ಯಾಪ್ ಇಳಿಸಿದಾಗ ವಿಮಾನದ ಮೂತಿ ಅಲ್ಲಾಡಲಿಲ್ಲ, ಬರೀ ನಿಧಾನವಾಯಿತು. ಆ ಹುಡುಗಿ ಹುಣಸೆಮರ ದಾಟಿಸಿ, ಗೋಮಾಳದ ನಡುವೆ ಇಳಿಸಿದಳು. ಮೇಯುತ್ತಿದ್ದ ಒಂದು ಎಮ್ಮೆಯೂ ತಲೆ ಎತ್ತಲಿಲ್ಲ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಇಳಿಯುವುದು ಸರಿಹೋಗದೆ ಮತ್ತೆ ಏರಬೇಕಾದರೆ ಗಾಬರಿಯಲ್ಲಿ ಫ್ಲ್ಯಾಪನ್ನು ಒಮ್ಮೆಲೇ ಮೇಲೆ ಮಾಡಬೇಡಿ. ಎತ್ತುವ ಬಲ ಹೋಗಿ ವಿಮಾನ ಕುಸಿಯುತ್ತದೆ. ಮೊದಲು ಥ್ರಾಟಲ್, ಆಮೇಲೆ ಅರ್ಧ ಫ್ಲ್ಯಾಪ್, ಎತ್ತರ ಸಿಕ್ಕಮೇಲೆ ಪೂರ್ತಿ ಮೇಲೆ. ಎರಡನೆಯದು ಫೇಲ್‌ಸೇಫ್. ಸಂಪರ್ಕ ಕಡಿದರೆ ಮೋಟರ್ ತಾನಾಗಿ ನಿಲ್ಲಬೇಕು. ಪ್ರೊಪೆಲ್ಲರ್ ಬಿಚ್ಚಿದ ವಿಮಾನದ ಮುಂದೆ ಟ್ರಾನ್ಸ್‌ಮಿಟರ್ ಆರಿಸಿ ನೋಡಿ ಇದನ್ನು ಖಚಿತಪಡಿಸಿಕೊಳ್ಳಿ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಳ್ಳುತ್ತವೆ. ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ನೋಡದೆ ಎಲ್ಲಿಯೂ ಹಾರಿಸಬಾರದು. ಜನರ ತಲೆಯ ಮೇಲಂತೂ ಎಂದೂ ಕೂಡದು. ಇವತ್ತು ಈ ಅಂಗಳದಲ್ಲಿ ಇಷ್ಟು ಜನರ ನಡುವೆ ಹಾರಿಸಿ ತೋರಿಸಿ ಎಂದು ಹಲವರು ಕೇಳಿದಿರಿ. ಆಗುವುದಿಲ್ಲ ಎಂದಿದ್ದು ಇದೇ ಕಾರಣಕ್ಕೆ. ನಾಳೆ ಬೆಳಿಗ್ಗೆ ಏಳಕ್ಕೆ ಗೋಮಾಳಕ್ಕೆ ಬನ್ನಿ, ಬದುವಿನಾಚೆ ನಿಂತು ನೋಡಬಹುದು.

ಈಗ ಆ ಹಿರಿಯರ ಪ್ರಶ್ನೆಗೆ ಉತ್ತರ. 0, −5, −6 ಎಂಬ ಮೂರು ಅಂಕಿಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈ ವಿಮಾನಕ್ಕೆ, ಈ ರೆಕ್ಕೆಗೆ ಮಾತ್ರ ಅವು ಸರಿ. ಅವುಗಳನ್ನು ಹುಡುಕಲು ಸಮರೂಪ ತ್ರಿಭುಜ, ಸೈನ್, ರೇಖಾತ್ಮಕ ಸಮೀಕರಣ, ಚಲನಶಕ್ತಿ ಎಲ್ಲವೂ ಬೇಕಾದವು. ಎಲ್ಲವೂ ಈ ಶಾಲೆಯ ಪಠ್ಯಪುಸ್ತಕದಲ್ಲೇ ಇದ್ದವು, ಕನ್ನಡದಲ್ಲೇ ಇದ್ದವು. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು, ಲೆಕ್ಕ ಒಂದು ಹೇಳಿ ಗಾಳಿ ಇನ್ನೊಂದು ಹೇಳಿದರೆ ಮತ್ತೆ ಲೆಕ್ಕಕ್ಕೆ ಕೂರುವುದು, ಇದನ್ನು ಮಕ್ಕಳು ಗೋಮಾಳದಲ್ಲಿ ಕಲಿತರು.

ಕೊನೆಗೆ ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ. ಟ್ರಾನ್ಸ್‌ಮಿಟರಿನ ನೆನಪಿನಲ್ಲಿ ಈ ವಿಮಾನದ ಅಂಕಿಗಳೆಲ್ಲ ಉಳಿದಿರುತ್ತವೆ. ಆದರೆ ಯಾಕೆ −5, ಯಾಕೆ −3 ಅಲ್ಲ ಎಂಬುದು ಅದರಲ್ಲಿ ಇಲ್ಲ. ಅದು ಇರುವುದು ಈ ನೂರು ಪುಟದ ನೋಟ್‌ಬುಕ್ಕಿನಲ್ಲಿ, ಮೂರು ಬಗೆಯ ಕೈಬರಹದಲ್ಲಿ. ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ಈ ಮಕ್ಕಳು ಹೊರಟುಹೋಗುತ್ತಾರೆ. ಇದನ್ನು ಪ್ರಯೋಗಾಲಯದ ಬೀರುವಿನಲ್ಲಿ, ಬೀಗ ಹಾಕದ ಕಡೆ ಇಡಿಸಿ. ಮುಂದಿನ ವರ್ಷ ಯಾರಾದರೂ ಇನ್ನೊಂದು ರೆಕ್ಕೆ ಕತ್ತರಿಸಿದರೆ ಹದಿನೇಳನೇ ಪುಟದಿಂದ ಬರೆಯಲು ಶುರುಮಾಡಲಿ. ಅಲ್ಲಿಂದ ಮುಂದೆ ಹಾಳೆಗಳು ಖಾಲಿ ಇವೆ.